ದ್ರಾಕ್ಷಿಯ ಸೊಗಡು

ಕುಡಿಯುವ ವಸ್ತುಗಳ ವಿಷಯವಾಗಿ ಕನ್ನಡದಲ್ಲಿ ಮಾತನಾಡುವುದು ಸುಲಭವಲ್ಲ. ಮಾತು ಎತ್ತಿದ ಕೂಡಲೇ ಕೇಳುವವರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಉಪದೇಶ ಬರಲಿದೆಯೆಂದು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ; ಇನ್ನೊಂದು ತನ್ನ ಹಳೆಯ ಸಾಹಸಗಳನ್ನು ನೆನೆದು ಮುಸಿಮುಸಿ ನಗುತ್ತದೆ. ಮಾವಿನ ಹಣ್ಣಿನ ವಿಷಯವನ್ನೋ ಕಾಫಿಯ ವಿಷಯವನ್ನೋ ಹೇಳಿಕೊಳ್ಳುವ ಹಾಗೆ, ಇದು ನನಗೆ ಹಿಡಿಸಿತು, ಅದು ಹಿಡಿಸಲಿಲ್ಲ, ಕಾರಣ ಹೀಗಿರಬಹುದು ಎಂದು ಹೇಳುವುದಕ್ಕೆ ಇವೆರಡರ ನಡುವೆ ಜಾಗ ಉಳಿಯುವುದಿಲ್ಲ. ಆ ಇಕ್ಕಟ್ಟಿನ ಜಾಗದಲ್ಲಿ ನಿಂತು ನಾನು ನಾಲ್ಕು ಮಾತು ಹೇಳಬೇಕಾಗಿದೆ.

ನಮ್ಮ ಹಳಬರಿಗೆ ಈ ಸಂಕೋಚ ಇದ್ದಂತೆ ಕಾಣುವುದಿಲ್ಲ. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಹೇಳಿದ ಲಾಕ್ಷಣಿಕರು ಸಮುದ್ರ, ಪರ್ವತ, ಚಂದ್ರೋದಯಗಳ ಪಂಕ್ತಿಯಲ್ಲೇ ಮಧುಪಾನವನ್ನೂ ಕೂರಿಸಿದರು. ಪಂಪನಂತಹ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಗೆ ಎಡೆಮಾಡಿಕೊಟ್ಟಿದ್ದಾನೆ. ಕೌಟಿಲ್ಯನಂತೂ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಎಣಿಸಿ, ಪಾನಗೃಹದಲ್ಲಿ ಆಸನ ಹೇಗಿರಬೇಕು, ಹೂವು ಗಂಧ ನೀರು ಹೇಗಿರಬೇಕು ಎನ್ನುವವರೆಗೆ ವಿಧಿಸಿಬಿಟ್ಟಿದ್ದಾನೆ. ಈ ಆರರಲ್ಲಿ ಮಧು ಎಂದರೆ ದ್ರಾಕ್ಷಿಯ ರಸದಿಂದ ಆದದ್ದು. ಅದು ಆಗ ವಾಯವ್ಯದ ಕಪಿಶ, ಹಾರಹೂರ ಎಂಬ ದೇಶಗಳ ಸರಕು. ಹಾಗಾಗಿ ನಾನು ಹೇಳಹೊರಟಿರುವ ವಸ್ತು ಈ ನೆಲಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಮೈಸೂರು ರಸ್ತೆಗೆ ಬಂದದ್ದು ಮಾತ್ರ ಈಚೆಗೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ರಾಮನಗರದಲ್ಲಿ ರೇಷ್ಮೆಗೂಡನ್ನೂ ಚನ್ನಪಟ್ಟಣದಲ್ಲಿ ಬೊಂಬೆಯನ್ನೂ ಮದ್ದೂರಿನಲ್ಲಿ ವಡೆಯನ್ನೂ ನೆನೆಯುವುದು ವಾಡಿಕೆ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣವನ್ನು ಬಹುಮಂದಿ ಗಮನಿಸದೆ ದಾಟುತ್ತಾರೆ. ಅದೇ ಸೀಮೆಯ ದೊಡ್ಡಮಳೂರಿನಲ್ಲಿ ಅಂಬೆಗಾಲಿಡುವ ನವನೀತಕೃಷ್ಣನಿದ್ದಾನೆ, ಅಂಗೈಯಲ್ಲಿ ಬೆಣ್ಣೆ ಹಿಡಿದುಕೊಂಡು. ಬೈರಾಪಟ್ಟಣದಲ್ಲಿ ಹೆರಿಟೇಜ್ ಎಂಬ ಹೆಸರಿನ ವೈನರಿ ಇದೆ. ದ್ರಾಕ್ಷಾರಸ ತಯಾರಿಸುವ ಜಾಗಕ್ಕೆ ನಮ್ಮಲ್ಲಿ ಬೇರೆ ಹೆಸರು ಬಳಕೆಗೆ ಬಂದಿಲ್ಲವಾದ್ದರಿಂದ ವೈನರಿ ಎಂದೇ ಹೇಳುತ್ತೇನೆ. ಬಳ್ಳಿ, ಹಣ್ಣು, ತೊಟ್ಟಿ, ಪೀಪಾಯಿ ಎಲ್ಲವನ್ನೂ ಅಲ್ಲಿ ಬಂದವರಿಗೆ ತೋರಿಸುತ್ತಾರೆ. ಕೊನೆಯಲ್ಲಿ ಚೂರುಚೂರು ರುಚಿ ನೋಡಲು ಕೊಡುತ್ತಾರೆ. ಬೆಣ್ಣೆಯ ದೇವರನ್ನು ಕಂಡು ಬಂದ ದಿನವೇ ನಾನು ಅಲ್ಲಿಗೂ ಹೋದೆ. ಎರಡಕ್ಕೂ ನಡುವೆ ವಿರೋಧ ಕಾಣಲಿಲ್ಲ.

ವೈನಿನ ಹುಟ್ಟು ಬಹಳ ಸರಳ. ಹಣ್ಣನ್ನು ಜಜ್ಜಿದರೆ ರಸ. ರಸದಲ್ಲಿರುವ ಸಕ್ಕರೆಯನ್ನು ಹುದುಗು ತಿಂದು ಮದ್ಯಸಾರವನ್ನೂ ಇಂಗಾಲದ ಅನಿಲವನ್ನೂ ಬಿಡುತ್ತದೆ. ದೋಸೆಹಿಟ್ಟು ಬೆಳಗಿನ ಹೊತ್ತಿಗೆ ಉಬ್ಬಿ ನಿಲ್ಲುವುದನ್ನು ಕಂಡವರಿಗೆ ಈ ಜಾತಿಯ ವ್ಯಾಪಾರ ಹೊಸದಲ್ಲ. ಕಪ್ಪು ದ್ರಾಕ್ಷಿಯಾದರೂ ಒಳಗಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ. ಕೆಂಪು ಬರುವುದು ಸಿಪ್ಪೆಯಿಂದ. ಆದ್ದರಿಂದ ಕೆಂಪು ವೈನನ್ನು ಸಿಪ್ಪೆಯೊಡನೆಯೇ ಹುದುಗಲು ಬಿಡುತ್ತಾರೆ. ಬಣ್ಣದ ಜೊತೆಗೆ ಸಿಪ್ಪೆ ಬೀಜಗಳಿಂದ ಇನ್ನೊಂದು ಗುಣವೂ ಇಳಿಯುತ್ತದೆ. ನಾಲಗೆ ಒಣಗಿದಂತೆ, ಒಸಡು ಬಿಗಿದಂತೆ ಆಗುವ ಗುಣ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಟ್ಯಾನಿನ್ ಎಂದು ಹೆಸರಿಟ್ಟು, ಅದು ರುಚಿಯೋ ಸ್ಪರ್ಶವೋ ಎಂದು ಚರ್ಚಿಸುತ್ತವೆ. ನಮಗೆ ಆ ಚರ್ಚೆ ಬೇಕಿಲ್ಲ. ಷಡ್ರಸಗಳಲ್ಲಿ ಆರನೆಯದು ಒಗರು. ನೆಲ್ಲಿಕಾಯಿ, ನೇರಳೆಹಣ್ಣು, ಎಳೆಯ ಅಡಕೆ, ಬಾಳೆಹೂವಿನ ಪಲ್ಯ, ಇವುಗಳಲ್ಲಿ ಬೆಳೆದ ನಾಲಗೆಗೆ ಒಣ ಕೆಂಪು ವೈನು ಹೊಸ ಪ್ರದೇಶವೇನಲ್ಲ.

ಇದನ್ನು ಹೇಳಲು ಕಾರಣವಿದೆ. ಮೊದಲ ಸಲ ಇಂಥ ವೈನು ಕುಡಿದ ನಮ್ಮವರು ಮುಖ ಕಿವುಚಿ, “ಇದು ಸಿಹಿಯಾಗಿಲ್ಲವಲ್ಲ!” ಎನ್ನುತ್ತಾರೆ. ದ್ರಾಕ್ಷಿಯೆಂದ ಮೇಲೆ ಸಿಹಿಯೆಂಬ ನಿರೀಕ್ಷೆ ಅವರದು. ನೇರಳೆಹಣ್ಣನ್ನು ನೆನೆದು ಕುಡಿಯಿರಿ ಎಂದು ನಾನು ಹೇಳುತ್ತೇನೆ. ಅರ್ಧದಷ್ಟು ಮಂದಿಯ ಮುಖ ಸಡಿಲವಾಗುತ್ತದೆ. ಶಿರಾಜ್ ಎಂಬ ದ್ರಾಕ್ಷಿಯ ವೈನಿನಲ್ಲಿ ನನಗೆ ನೇರಳೆ ಕಾಣುತ್ತದೆ, ಹಿಂದಿನಿಂದ ಒಂದಿಷ್ಟು ಕರಿಮೆಣಸು. ಫ್ರೆಂಚರು ತಮ್ಮ ಊರಿನ ಹಣ್ಣುಗಳ ಹೆಸರು ಹೇಳಿ ಬಣ್ಣಿಸುವುದನ್ನು ಓದಿ, ಆ ಹಣ್ಣನ್ನು ಕಂಡೇ ಇಲ್ಲದ ನಾವು ಅದೇ ಹೆಸರನ್ನು ಗಿಳಿಯಂತೆ ಒಪ್ಪಿಸುವುದು ನನಗೆ ಸೇರುವುದಿಲ್ಲ. ಬಾಟಲಿಯ ಬಿರಡೆ ಕೆಟ್ಟು ಬರುವ ವಾಸನೆಗೆ ಅವರು ಹೇಳುವ ಪಾರಿಭಾಷಿಕ ಪದ ಕೇಳಿ ನಾನು ಬಹಳ ಹೊತ್ತು ಯೋಚಿಸಿದ್ದುಂಟು. ಅದು ಮತ್ತೇನೂ ಅಲ್ಲ, ಮಳೆಗಾಲದ ಗೋಣಿಚೀಲದ ಮುಗ್ಗಲು. ಘಾಟು, ಕಮಟು, ಮುಗ್ಗಲು, ಒಗರು, ಕಂಪು: ಇಷ್ಟು ಪದಗಳಿರುವ ಭಾಷೆ ರುಚಿಯ ವಿಷಯದಲ್ಲಿ ಸಾಲ ಮಾಡಬೇಕಾಗಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದೇ ಬಗೆಯ ಇನ್ನೊಂದು ಪದದ ವಿಷಯ.

ಬೆಂಗಳೂರು ನೀಲಿ ಎಂಬ ದ್ರಾಕ್ಷಿಯನ್ನು ಕೇಳುಗರೆಲ್ಲ ತಿಂದಿದ್ದೀರಿ. ಹೆಸರು ಗೊತ್ತಿಲ್ಲದಿದ್ದರೆ, ತಳ್ಳುಗಾಡಿಯಲ್ಲಿ ಗೊಂಚಲು ಗೊಂಚಲಾಗಿ ಬರುವ, ಮೇಲೆ ಬೂದಿ ಮುಸುಕಿದಂತಿರುವ ಕರಿದ್ರಾಕ್ಷಿ ಎಂದರೆ ತಿಳಿಯುತ್ತದೆ. ಸಿಪ್ಪೆ ಹಿಸುಕಿದರೆ ತಿರುಳು ಇಡಿಯಾಗಿ ಜಾರಿ ಬಾಯಿಗೆ ಬೀಳುತ್ತದೆ. ಸಿಪ್ಪೆ ಹುಳಿ, ತಿರುಳು ಸಿಹಿ, ಒಳಗೆ ಬೀಜ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. ಅದಕ್ಕೆ ಈಗ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆ ಇಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಸವರಿ, ಈ ಹಣ್ಣಿನಲ್ಲಿ ಎರಡು ಬೆಳೆಯನ್ನೂ ತೆಗೆಯುತ್ತಾರೆ. ಯುರೋಪಿನ ದ್ರಾಕ್ಷಿ ತೋಟದವನಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ.

ಈ ಹಣ್ಣಿಗೆ ಒಂದು ಬಲವಾದ ವಾಸನೆ ಇದೆ. ಕೋಣೆಯಲ್ಲಿ ಒಂದು ಗೊಂಚಲು ಇಟ್ಟರೆ ಬಾಗಿಲಲ್ಲೇ ಗೊತ್ತಾಗುತ್ತದೆ. ವೈನಿನ ಪಂಡಿತರು ಇದಕ್ಕೆ ‘ನರಿವಾಸನೆ’ ಎಂಬ ಅರ್ಥದ ಪದ ಬಳಸುತ್ತಾರೆ. ಅವರ ಶಬ್ದಕೋಶದಲ್ಲಿ ಅದು ಬೈಗುಳ. ಪುಸ್ತಕಗಳಲ್ಲಿ ಈ ಜಾತಿಯ ದ್ರಾಕ್ಷಿಯ ಮಾತು ಬಂದರೆ ಒಂದು ಸಾಲಿನಲ್ಲಿ ಮೂಗು ಮುಚ್ಚಿ ಮುಂದೆ ಸಾಗುತ್ತಾರೆ. ನಮ್ಮಲ್ಲಿಯೂ ಇಂಗ್ಲಿಷ್ ಪುಸ್ತಕ ಓದಿ ವೈನು ಕಲಿತವರು ಬೆಂಗಳೂರು ನೀಲಿಯ ಹೆಸರೆತ್ತಿದರೆ ಬಡ ಬಂಧುವಿನ ವಿಷಯ ಬಂದಂತೆ ಮಾತು ಬದಲಿಸುತ್ತಾರೆ.

ಇದರ ಹಿಂದೆ ದೊಡ್ಡ ಕತೆಯೇ ಇದೆ. ಯುರೋಪಿನ ದ್ರಾಕ್ಷಿ ಒಂದು ಜಾತಿ, ವಿನಿಫೆರಾ. ಅಮೆರಿಕದ ಕಾಡಿನಲ್ಲಿ ಹುಟ್ಟಿದ್ದು ಇನ್ನೊಂದು, ಲಬ್ರಸ್ಕ. ಬೆಂಗಳೂರು ನೀಲಿ ಈ ಎರಡನೆಯ ವಂಶದ್ದು. ಇದೇ ವಂಶದಲ್ಲಿ, ಎರಡು ಜಾತಿಗಳ ಆಕಸ್ಮಿಕ ಕೂಟದಿಂದ ಹುಟ್ಟಿದ ಒಂದು ತಳಿಯನ್ನು 19ನೆಯ ಶತಮಾನದ ಆದಿಯಲ್ಲಿ ಲಾಂಗ್ ಐಲೆಂಡಿನ ಸಸಿ ವ್ಯಾಪಾರಿ ವಿಲಿಯಂ ಪ್ರಿನ್ಸ್ ಎಂಬಾತ ಪ್ರಸಿದ್ಧಿಗೆ ತಂದು, ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಹೆಸರಿಟ್ಟ. ಇಸಬೆಲ್ಲಾ ಅಲ್ಲಿಂದ ಲೋಕ ಸಂಚಾರಕ್ಕೆ ಹೊರಟಳು. ನಮ್ಮ ನೀಲಿಗೂ ಅವಳಿಗೂ ಬಹಳ ಹತ್ತಿರದ ನಂಟು.

1860ರ ದಶಕದಲ್ಲಿ, ಅಮೆರಿಕದ ಬಳ್ಳಿಗಳೊಡನೆ ಹೋದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ನುಂಗತೊಡಗಿತು. ರೋಗ ತಂದ ಅಮೆರಿಕದ ಬಳ್ಳಿಗಳೇ ಕೊನೆಗೆ ಮದ್ದೂ ಆದುವು. ಹೇನಿಗೆ ಜಗ್ಗದ ಅವುಗಳ ಬೇರಿನ ಮೇಲೆ ಫ್ರೆಂಚ್ ಕುಡಿಗಳನ್ನು ಕಸಿಮಾಡಿದರು. ಇಂದಿಗೂ ಯುರೋಪಿನ ಶ್ರೇಷ್ಠ ವೈನುಗಳಲ್ಲಿ ಬಹುಪಾಲು ಅಮೆರಿಕದ ಬೇರಿನ ಮೇಲೆ ನಿಂತಿವೆ. ಬೇರು ಬೇಕು, ಹಣ್ಣು ಬೇಡ. 1934ರಲ್ಲಿ ಫ್ರಾನ್ಸ್ ಶಾಸನ ಮಾಡಿ ಇಸಬೆಲ್ಲಾ ಸೇರಿದಂತೆ ಆರು ತಳಿಗಳ ವೈನನ್ನು ಮಾರುಕಟ್ಟೆಯಿಂದ ಹೊರಗಿಟ್ಟಿತು. ಅವುಗಳನ್ನು ಕುಡಿದರೆ ಬುದ್ಧಿ ಕೆಡುತ್ತದೆಂಬ ಸುದ್ದಿಯೂ ಹಬ್ಬಿತು. ಆಗ ಅಲ್ಲಿ ವೈನು ಹೆಚ್ಚಾಗಿ ಬೆಲೆ ಕುಸಿದಿತ್ತು ಎಂಬುದನ್ನು ಜೊತೆಗೆ ಹೇಳಬೇಕು. ನರಿವಾಸನೆಯ ತಿರಸ್ಕಾರದಲ್ಲಿ ಮೂಗಿನ ಪಾಲೆಷ್ಟು, ಪೇಟೆಯ ಪಾಲೆಷ್ಟು ಎಂದು ತೂಗಿ ನೋಡುವವರು ಕಡಿಮೆ.

ಆದರೆ ಹಳ್ಳಿಯವರು ಬಿಡಲಿಲ್ಲ. ಆಸ್ಟ್ರಿಯದ ಬರ್ಗನ್‌ಲ್ಯಾಂಡಿನ ದಕ್ಷಿಣ ಭಾಗದಲ್ಲಿ ಇಂಥ ಹಣ್ಣಿನಿಂದ ಉಹುಡ್ಲರ್ ಎಂಬ ವೈನು ಮಾಡುತ್ತಾರೆ. ಬಹುಕಾಲ ನಿಷಿದ್ಧವಾಗಿದ್ದು 1992ರಲ್ಲಿ ಅದಕ್ಕೆ ಬಿಡುಗಡೆಯಾಯಿತು. ಇಟಲಿಯಲ್ಲಿ ಇದೇ ಬಗೆಯದಕ್ಕೆ ಫ್ರಗೊಲಿನೊ ಎನ್ನುತ್ತಾರೆ, ಸ್ಟ್ರಾಬೆರಿಯ ಹೆಸರಿನಿಂದ. ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ಇಸಬೆಲ್ಲಾ ವೈನಿಗೆ ಇಟ್ಟಿರುವ ಹೆಸರು ನನಗೆ ಬಲು ಇಷ್ಟ. ಕನ್ನಡದಲ್ಲಿ ಹೇಳುವುದಾದರೆ, ಕಂಪಿನ ವೈನು.

ಪಂಡಿತರಿಗೆ ನರಿ ಕಂಡ ಜಾಗದಲ್ಲಿ ಮೀನುಗಾರರ ದ್ವೀಪಕ್ಕೆ ಕಂಪು ಕಂಡಿತು. ಈ ವಾಸನೆಯ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಈ ಪದಾರ್ಥ ಇನ್ನೆಲ್ಲಿ ಇದೆ ಗೊತ್ತೆ? ಕಿತ್ತಳೆಯ ಹೂವಿನಲ್ಲಿದೆ, ಸುಗಂಧರಾಜದಲ್ಲಿದೆ, ಮಲ್ಲಿಗೆಯಲ್ಲಿದೆ. ಮಲ್ಲಿಗೆ ಮುಡಿದು ಬೆಳೆದ ನಾಡು ಈ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾದ ಕಾರಣ ನನಗೆ ತಿಳಿಯದು.

ನಮ್ಮ ಭಾಷೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದವಿದೆ: ಸೊಗಡು. ಮಾಗಿಯ ಚಳಿಯಲ್ಲಿ ಮಾಗಡಿಯ ಕಡೆಯಿಂದ ಅವರೆಕಾಯಿ ಬಂದಾಗ ಗೃಹಿಣಿಯರು ಮೊದಲು ಮಾಡುವ ಕೆಲಸ ಕಾಯನ್ನು ಮೂಗಿಗೆ ಹಿಡಿಯುವುದು. ಸೊಗಡು ಇದ್ದರೆ ಚೌಕಾಸಿಯನ್ನೂ ಮರೆತು ಕೊಳ್ಳುತ್ತಾರೆ. ಇಲ್ಲದಿದ್ದರೆ, “ಏನಮ್ಮಾ ಇದು, ಸೊಗಡೇ ಇಲ್ಲ” ಎಂದು ಮುಂದಿನ ಗುಡ್ಡೆಗೆ ಹೋಗುತ್ತಾರೆ. ಪರದೇಶದವನೊಬ್ಬನ ಮೂಗಿಗೆ ಅದೇ ಅವರೆಕಾಯಿ ಹಿಡಿದರೆ ಅವನು ಯಾವ ಪ್ರಾಣಿಯ ಹೆಸರು ಹೇಳುತ್ತಾನೋ! ಒಂದು ವಾಸನೆ ದೋಷವೋ ಗುಣವೋ ಎಂಬುದನ್ನು ಆ ವಾಸನೆಯೊಡನೆ ಬದುಕಿದವರು ತೀರ್ಮಾನಿಸಬೇಕು.

ಈ ವಾದಕ್ಕೆ ಗ್ರೀಕರು ನನಗೆ ಸಾಕ್ಷಿ. ಹಿಂದಿನ ಕಾಲದಲ್ಲಿ ಅವರು ಮಣ್ಣಿನ ಜಾಡಿಗಳ ಬಾಯಿ ಮುಚ್ಚಲು ಪೈನ್ ಮರದ ರಾಳ ಬಳಿಯುತ್ತಿದ್ದರು. ರಾಳದ ವಾಸನೆ ವೈನಿಗೆ ಹತ್ತಿತು. ಜಾಡಿ ಹೋಗಿ ಸೀಸೆ ಬಂದ ಮೇಲೂ ಗ್ರೀಕರಿಗೆ ರಾಳವಿಲ್ಲದ ವೈನು ಸಪ್ಪೆ ಎನ್ನಿಸಿತು; ಈಗಲೂ ಬೇಕೆಂದೇ ರಾಳ ಸೇರಿಸಿ ರೆಟ್ಸಿನಾ ಎಂದು ಮಾರುತ್ತಾರೆ. ಹೊರದೇಶದಲ್ಲಿರುವ ಬಂಧುಗಳು ತಂದ ಪುಟ್ಟ ಸೀಸೆಯಿಂದ ನಾನು ಅದನ್ನು ಕುಡಿದಾಗ ಮೊದಲು ನೆನಪಾದದ್ದು ಚನ್ನಪಟ್ಟಣದ ಬೊಂಬೆ ಕೆಲಸದ ಮನೆ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಏಳುವ ಬಿಸಿ ವಾಸನೆ. ಮೂರನೆಯ ಗುಟುಕಿನ ಹೊತ್ತಿಗೆ ನನಗೂ ಗ್ರೀಕರಿಗೂ ಸ್ನೇಹವಾಗಿತ್ತು. ಜಪಾನಿನ ಸಾಕೆಯೊಡನೆ ಇಷ್ಟು ಬೇಗ ಸ್ನೇಹ ಬೆಳೆಯಲಿಲ್ಲ. ಅಕ್ಕಿಗೆ ಕೋಜಿ ಎಂಬ ಬೂಷ್ಟು ಹಿಡಿಸಿ, ಪಿಷ್ಟ ಸಕ್ಕರೆಯಾಗುತ್ತಿರುವಾಗಲೇ ಸಕ್ಕರೆ ಮದ್ಯಸಾರವೂ ಆಗುವಂತೆ ಮಾಡುವ ಕುಶಲತೆ ಮೆಚ್ಚತಕ್ಕದ್ದೇ. ಆದರೂ ನನಗೆ ಅದರಲ್ಲಿ ಕಂಡದ್ದು ಗಂಜಿಯ ತಿಳಿ. ಜ್ವರ ಬಂದಾಗ ಕುಡಿದ ನೆನಪನ್ನು ಅದು ಎಬ್ಬಿಸುತ್ತದೆ. ದೋಷ ಸಾಕೆಯದಲ್ಲ, ನನ್ನ ಬಾಲ್ಯದ ಜ್ವರಗಳದು.

ರುಚಿಯ ಪಂಡಿತನೊಬ್ಬನನ್ನು ನಾನು ಕಂಡದ್ದು ಯಾವ ವೈನರಿಗೂ ಬಹಳ ಮೊದಲು, ಈಚಲು ಮರದ ಕೆಳಗೆ. ನಮ್ಮ ಕಡೆ ಹೆಂಡವೆಂದರೆ ಈಚಲಿನದು. ಸಂಜೆ ಮರದ ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟುತ್ತಾರೆ. ರಾತ್ರಿಯೆಲ್ಲ ತೊಟ್ಟಿಕ್ಕಿದ ರಸ ನಸುಕಿನಲ್ಲಿ ಎಳನೀರಿನಷ್ಟು ಸಿಹಿ. ಬಿಸಿಲು ಏರಿದಂತೆ ನೊರೆಗಟ್ಟಿ ಹೆಂಡವಾಗುತ್ತದೆ. ಮಾರನೆಯ ದಿನಕ್ಕೆ ಹುಳಿ ಮಿತಿಮೀರಿ ಬಾಯಿಗಿಡುವಂತಿರುವುದಿಲ್ಲ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆ. ಹೆಂಡ ಇಳಿಸುತ್ತಿದ್ದ ಆ ಮುದುಕ ಕಣ್ಣು ಮುಚ್ಚಿಕೊಂಡು ಒಂದು ಹನಿ ನಾಲಗೆಗೆ ಹಾಕಿ, ಯಾವ ಮರದ್ದು, ಯಾವ ಹೊತ್ತಿಗೆ ಇಳಿಸಿದ್ದು ಎಂದು ಹೇಳುತ್ತಿದ್ದ. ಒಮ್ಮೆ, ಹುಡುಗನಾಗಿದ್ದ ನಾನು, ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

“ಕೆರೆ ಏರಿ ಮರ ನೀರು ಕುಡೀತದೆ ಬುದ್ಧಿ, ರಸ ಸಪ್ಪೆ ಬಿಡ್ತದೆ. ಆ ಕಲ್ಲುದಿಣ್ಣೆ ಮರ ನೋಡಿ, ಕಷ್ಟ ಬಿದ್ದಿರೋ ಮರ. ಕೊಡೋದು ಅರೆ ಮಡಕೆ, ಆದ್ರೆ ಅದರ ರುಚೀನೇ ಬೇರೆ” ಎಂದ.

ನಲವತ್ತು ವರ್ಷ ಕಳೆದ ಮೇಲೆ, ಬಳ್ಳಿಗೆ ನೀರನ್ನು ಹಿಡಿದು ಕೊಟ್ಟರೆ ಹಣ್ಣು ಚಿಕ್ಕದಾದರೂ ರುಚಿ ಗಟ್ಟಿಯಾಗುತ್ತದೆ, ನೆಲದ ಗುಣ ರಸಕ್ಕೆ ಬರುತ್ತದೆ ಎಂಬ ಫ್ರೆಂಚರ ಸಿದ್ಧಾಂತವನ್ನು ದಪ್ಪ ಪುಸ್ತಕದಲ್ಲಿ ಓದಿದೆ. ಅದಕ್ಕೆ ಅವರು ಟೆರ್‌ವಾರ್ ಎಂದು ಗಂಭೀರವಾದ ಹೆಸರಿಟ್ಟಿದ್ದಾರೆ. ಕಲ್ಲುದಿಣ್ಣೆಯ ಮರವೆಂದರೆ ನನಗೆ ಸಾಕಾಗುತ್ತದೆ. ಅವನ ನಾಲಗೆ ಬರ್ಗಂಡಿಯಲ್ಲಿ ಹುಟ್ಟಿದ್ದರೆ ಅದಕ್ಕೆ ಬಿರುದು ಬಾವಲಿಗಳು ದೊರೆಯುತ್ತಿದ್ದುವು. ಇಲ್ಲಿ ಅವನು ಹೆಂಡ ಇಳಿಸುವವನಾಗಿಯೇ ತೀರಿಕೊಂಡ.

ಹೆಂಡದ ಮಾತು ಬಂದಮೇಲೆ ಜಿ.ಪಿ. ರಾಜರತ್ನಂ ಅವರನ್ನು ನೆನೆಯದೆ ಮುಂದುವರಿಯುವಂತಿಲ್ಲ. ‘ಎಂಡ್ಕುಡ್ಕ ರತ್ನ’ನನ್ನು ಸೃಷ್ಟಿಸಿದ ಈ ಕವಿ ಹುಟ್ಟಿದ್ದು ಇದೇ ರಾಮನಗರದಲ್ಲಿ. ಹೆಂಡವನ್ನು ಅವರು ಮುಟ್ಟಿದವರಲ್ಲ. ಪಡಖಾನೆಯ ಆಡುಮಾತಿನಲ್ಲಿ ಪದ ಕಟ್ಟಿ, ಕುಡುಕನೊಬ್ಬನ ಬಾಯಲ್ಲಿ ಕನ್ನಡದ ಅಭಿಮಾನವನ್ನೂ ಹೆಂಡತಿಯ ಮೇಲಿನ ಒಲವನ್ನೂ ಇರಿಸಿದರು. ಆಮೇಲೆ 1952ರಲ್ಲಿ ನೈಜೀರಿಯದ ಅಮೋಸ್ ಟುಟುವೊಲ ತಾಳೆಹೆಂಡ ಕುಡಿಯುವವನೊಬ್ಬನನ್ನು ನಾಯಕನನ್ನಾಗಿಸಿ ಕಾದಂಬರಿ ಬರೆದು ಲೋಕವಿಖ್ಯಾತನಾದ. ನಮ್ಮ ರತ್ನ ಅವನಿಗಿಂತ ಹಿರಿಯ. ಕುಡಿಯದ ಕವಿ ಕುಡುಕನ ಒಳಗನ್ನು ಕಂಡನೆಂದರೆ, ಅವನು ಕುಡುಕನನ್ನು ಮೊದಲು ಮನುಷ್ಯನೆಂದು ಕಂಡಿದ್ದ.

ಈ ಮಾತಿಗೆ ಅಂಟಿದ ಒಂದು ಕಹಿಯನ್ನು ಹೇಳಲೇಬೇಕು. ರೇಷ್ಮೆ ನೂಲು ತೆಗೆಯುವ ಕೆಲಸದವರಿಗೆ ಬಟವಾಡೆಯಾಗುವ ದಿನ, ಸಾರಾಯಿ ಅಂಗಡಿಯ ಎದುರು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಗಂಡನನ್ನು ಕಾಯುತ್ತಿದ್ದ ಹೆಂಗಸರನ್ನು ನಾನು ಕಂಡಿದ್ದೇನೆ. ಅವರ ಮುಖ ಕಂಡವರಿಗೆ ಪಾನಗೋಷ್ಠಿಯ ವರ್ಣನೆ ನಾಲಗೆಗೆ ಬರುವುದಿಲ್ಲ. 2007ರ ಜುಲೈ ತಿಂಗಳಿನಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಮ್ಮ ಕಡೆಯ ಹೆಂಡದ ಅಂಗಡಿಗಳು ಅದಕ್ಕೆ ಕೆಲವು ವರ್ಷ ಮೊದಲೇ ಮುಚ್ಚಿದ್ದುವು. ಸಾರಾಯಿ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿ ಎಂಬುದೂ ಬಂತು. ವೈನು ತಯಾರಿಕೆಗೆ ಪ್ರೋತ್ಸಾಹ ದೊರೆಯಿತು. ರಾಮನಗರ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಒಂದೇ ವರ್ಷದ ಪಂಚಾಂಗದಲ್ಲಿ ಒಬ್ಬನ ಲೋಟ ಕಸಿಯಲ್ಪಟ್ಟಿತು, ಇನ್ನೊಬ್ಬನ ಲೋಟಕ್ಕೆ ಕಾಂಡ ಬಂತು.

ಸಾರಾಯಿ ಹೋಯಿತೆಂದು ಕೂಲಿಯವನು ಮಜ್ಜಿಗೆಗೆ ಬರಲಿಲ್ಲ. ಅಗ್ಗದ ವಿಸ್ಕಿಗೆ ಬಂದ. ಈ ವಿಸ್ಕಿಯ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರ. ಬಣ್ಣ, ಪರಿಮಳ ಬೆರೆಸಿದಂತೆ ವಿಸ್ಕಿಯೋ ಬ್ರಾಂದಿಯೋ ಆಗುತ್ತದೆ. ಅದಕ್ಕೆ ಈಚಲಿನ ಕಲ್ಲುದಿಣ್ಣೆಯೂ ಇಲ್ಲ, ದ್ರಾಕ್ಷಿಯ ಸೊಗಡೂ ಇಲ್ಲ. ಇರುವುದು ಅಮಲು ಮಾತ್ರ. ರುಚಿ ನೋಡಿ ಕುಡಿಯಬೇಕೆಂದು ನಾವು ಉಪದೇಶಿಸುತ್ತೇವೆ. ರುಚಿಯಿರುವುದನ್ನು ಕೊಳ್ಳಲು ಅವನಲ್ಲಿ ಹಣವಿಲ್ಲ. ‘ವೈನು ರಸಿಕ’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಬಂದಿದೆ. ‘ಹೆಂಡ ರಸಿಕ’ ಎಂಬುದನ್ನು ನಾನು ಎಲ್ಲಿಯೂ ಓದಿಲ್ಲ. ಆ ಮುದುಕ ಇದ್ದಿದ್ದರೆ ಅವನಿಗೆ ಸಲ್ಲಬೇಕಾದ ಮಾತು ಅದು.

ವಿಸ್ಕಿಯ ವಿಷಯದಲ್ಲಿ ಇದೇ ರಸ್ತೆ ಇನ್ನೊಂದು ಕತೆಯನ್ನೂ ಹೇಳುತ್ತದೆ. ಕುಂಬಳಗೋಡಿನ ಬಳಿಯ ಕಂಬೀಪುರದಲ್ಲಿ 1948ರಲ್ಲಿ ಸ್ಥಾಪನೆಯಾದ ಅಮೃತ್ ಸಂಸ್ಥೆಯ ಭಟ್ಟಿಯಿದೆ. ಅವರು ಬಾರ್ಲಿಯಿಂದಲೇ ತೆಗೆದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರಾಟಕ್ಕೆ ಇಟ್ಟದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದ ಹಾಗೆ! ಆದರೂ ಮಾರಿದರು. ಪೀಪಾಯಿಯಲ್ಲಿ ಇಟ್ಟ ವಿಸ್ಕಿಯಲ್ಲಿ ವರ್ಷವರ್ಷವೂ ಸ್ವಲ್ಪ ಆವಿಯಾಗಿ ಹೋಗುವುದನ್ನು ಸ್ಕಾಟರು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿಯ ಚಳಿಯಲ್ಲಿ ದೇವತೆಗಳು ನೂರಕ್ಕೆ ಸುಮಾರು 2 ಪಾಲು ತೆಗೆದುಕೊಂಡರೆ, ನಮ್ಮ ಬಿಸಿಲಿನ ದೇವತೆಗಳಿಗೆ 10ಕ್ಕೂ ಹೆಚ್ಚು ಬೇಕು. ಹತ್ತು ವರ್ಷ ಇಟ್ಟರೆ ಪೀಪಾಯಿಯ ತಳ ಕಾಣುತ್ತದೆ. ಅದಕ್ಕೆ ಪ್ರತಿಯಾಗಿ ಮರದ ಗುಣ ಬೇಗ ಇಳಿಯುತ್ತದೆ. ನಾಲ್ಕೈದು ವರ್ಷಕ್ಕೇ ಪ್ರೌಢವಾಗುತ್ತದೆ. ಅದರಲ್ಲಿ ನನಗೆ ಕಾಣುವುದು ಬೆಲ್ಲದ ಪಾಕ. ಸ್ಕಾಟ್ಲೆಂಡಿನ ಐಲಾ ದ್ವೀಪದವರು ಪೀಟ್ ಎಂಬ ಜೌಗುಮಣ್ಣು ಸುಟ್ಟ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡುವ ವಿಸ್ಕಿಯನ್ನು ನಮ್ಮ ಮಿತ್ರರು ಆಸ್ಪತ್ರೆಯ ವಾಸನೆ ಎಂದು ದೂರ ತಳ್ಳುತ್ತಾರೆ. ನನಗೆ ಅದು ಹಂಡೆಯೊಲೆ ಉರಿಯುವ ಬಚ್ಚಲಮನೆ, ಎಣ್ಣೆನೀರಿನ ದೀಪಾವಳಿ. ಅದಕ್ಕೆ ಅಷ್ಟೇ ನೀರು ಬೆರೆಸಿ ಕುಡಿಯುತ್ತೇನೆ. ನೀರು ಬಿದ್ದರೆ ವಾಸನೆ ಅರಳುತ್ತದೆ. ಗೋವೆಯ ಗೇರುಹಣ್ಣಿನ ಫೆನ್ನಿಯ ಘಾಟು ಮಾತ್ರ ನನಗೆ ಒಗ್ಗಲಿಲ್ಲ. ಒಗ್ಗಿದವರ ಮೇಲೆ ಗೌರವವಿದೆ.

ಬೆರಕೆ ಪಾನೀಯಗಳ ವಿಷಯ ಹೆಚ್ಚು ಹೇಳಲಾರೆ. ನನಗೆ ಅವುಗಳಲ್ಲಿ ಅಷ್ಟಾಗಿ ಆಸಕ್ತಿಯಿಲ್ಲ. ಒಂದು ಮಾತಿದೆ. ಇಂಗ್ಲಿಷರು ಪಂಚ್ ಎಂದು ಕರೆದು ಲೋಕಕ್ಕೆಲ್ಲ ಹಂಚಿದ ಪಾನೀಯದ ಹೆಸರು ನಮ್ಮ ‘ಪಂಚ’ದಿಂದ ಬಂದದ್ದೆಂದು ಬಹುಮಂದಿ ಹೇಳುತ್ತಾರೆ: ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ. ಮೊದಲನೆಯದನ್ನು ತೆಗೆದು ಉಳಿದ ನಾಲ್ಕನ್ನು ನೋಡಿ. ಸಕ್ಕರೆಯ ಜಾಗಕ್ಕೆ ಬೆಲ್ಲ ಬಂದರೆ ಅದು ರಾಮನವಮಿಯ ಪಾನಕ. ಹಡಗಿನವರು ನಮ್ಮ ಪಾನಕಕ್ಕೆ ಸಾರಾಯಿ ಸುರಿದು ಕುಡಿದರೆಂದೇ ನನ್ನ ಗುಮಾನಿ. ಮಡಿವಂತರ ಮನೆಯಲ್ಲಿಯೂ ದ್ರಾಕ್ಷಾರಿಷ್ಟದ ಸೀಸೆ ಇರುವುದನ್ನು ಕಂಡಿದ್ದೇನೆ. ಒಣದ್ರಾಕ್ಷಿಯ ಕಷಾಯವನ್ನು ಧಾತಕಿ ಹೂವಿನೊಡನೆ ಹುದುಗಿಸಿ ಮಾಡಿದ ಆ ಔಷಧದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ. ಊಟದ ನಂತರ ಎರಡು ಚಮಚ. ಅದು ವೈನಿನ ಅಕ್ಕ ಎಂದರೆ ಆ ಮನೆಯ ಅಜ್ಜಿ ನನ್ನನ್ನು ಹೊಸ್ತಿಲೊಳಗೆ ಬಿಡಲಿಕ್ಕಿಲ್ಲ.

ಊಟದ ಜೊತೆ ಯಾವ ವೈನು ಎಂಬ ಪ್ರಶ್ನೆಗೆ ಯುರೋಪಿನ ನಿಯಮಗಳು ಇಲ್ಲಿ ಒದಗುವುದಿಲ್ಲ. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂದು ಅವರು ಹೇಳುವಾಗ ಹುಣಿಸೆಹಣ್ಣು, ಒಣಮೆಣಸಿನಕಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಖಾರದ ಮೇಲೆ ಒಗರಿನ ಕೆಂಪು ವೈನು ಬಿದ್ದರೆ ಬಾಯಿ ಉರಿಯುತ್ತದೆ, ಒಗರು ಇಮ್ಮಡಿಸುತ್ತದೆ. ಮುದ್ದೆ ಬಸ್ಸಾರಿನ ಜೊತೆ ಅದನ್ನು ಕುಡಿಯುವುದು ಎರಡಕ್ಕೂ ಅನ್ಯಾಯ. ಶೆನಿನ್ ಬ್ಲಾಂಕ್ ಎಂಬ ಬಿಳಿಯ ದ್ರಾಕ್ಷಿಯ, ತುಸು ಸಿಹಿ ಉಳಿದಿರುವ ವೈನನ್ನು ತಣ್ಣಗೆ ಮಾಡಿ ಕೋಡುಬಳೆಯೊಡನೆ ಕುಡಿದರೆ ಅವೆರಡೂ ಹೊಂದಿಕೊಳ್ಳುತ್ತವೆ. ಬೆಂಗಳೂರು ನೀಲಿಯ ಸಿಹಿವೈನಿನದು ಬೇರೆ ಮಾತು. ನಮ್ಮಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಮಾರಿದ್ದು ಬಹಳಷ್ಟು ಇದೇ ಹಣ್ಣಿನದು. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೋರು ಕಣಿವೆಯದು. ಹುದುಗುವಿಕೆ ನಡುವೆ ಇರುವಾಗಲೇ ದ್ರಾಕ್ಷಿಯ ಸಾರಾಯಿ ಸುರಿದು ಸಿಹಿಯನ್ನು ಹಿಡಿದಿಡುತ್ತಾರೆ. ನಮ್ಮದಕ್ಕೆ ಆ ಎರವಲು ಹೆಸರು ಏಕೆ? ನೀಲಿ ಎಂದೇ ಕರೆದು, ನೀಲಿಯ ವಾಸನೆಯನ್ನು ಮುಚ್ಚದೆ ಮಾಡಿದರೆ ಕೊಳ್ಳುವವರಲ್ಲಿ ನಾನು ಮೊದಲಿಗ. ಒಬ್ಬಟ್ಟಿನ ಊಟವಾದ ಮೇಲೆ ಒಂದು ಸಣ್ಣ ಲೋಟ ಸಾಕು.

ಕುಡಿಯದವರು ಈ ಹಣ್ಣನ್ನು ತಿಂದೇ ನೋಡಬಹುದು. ಗೊಂಚಲನ್ನು ತೊಳೆಯುವ ಮೊದಲು ಮೂಗಿಗೆ ಹಿಡಿಯಬೇಕು. ಆಮೇಲೆ ಸಿಪ್ಪೆ ಹಿಸುಕಿ ತಿರುಳನ್ನು ನುಂಗಿ, ಸಿಪ್ಪೆಯನ್ನು ಎಸೆಯದೆ ನಿಧಾನವಾಗಿ ಅಗಿಯಬೇಕು. ಹುಳಿ, ಒಗರು, ಸೊಗಡು ಎಲ್ಲವೂ ಆ ಸಿಪ್ಪೆಯಲ್ಲಿ ಇವೆ.